ಸಾವಿರ ಜನರ ಆಟಕ್ಕೆ ‘ಸ್ಟ್ರಾಟಜಿ’ ಮಾರುವವರಿಗೆ

ವಾಗ್ಳೆ ಎಸ್ಟೇಟಿನ ಹುಡುಗರಿಗೆ ಪೋಕರ್ ಕಲಿಸುವವರ ಮೇಲೆ ನನಗೆ ಸಿಟ್ಟಿದೆ. ಪೋಕರ್ ಮೇಲಲ್ಲ, ಕಲಿಸುವವರ ಮೇಲೆ. ಈ ವ್ಯತ್ಯಾಸವನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಇಸ್ಪೀಟಿನ ಬಗ್ಗೆ ಏನು ಬರೆದರೂ ನಮ್ಮವರಲ್ಲಿ ಅರ್ಧ ಜನ "ಜೂಜು ಅಂದ್ರೆ ಜೂಜು, ಧರ್ಮರಾಯನೇ ಉಳೀಲಿಲ್ಲ" ಅಂತ ಮಹಾಭಾರತ ತೆಗೆಯುತ್ತಾರೆ. ಇನ್ನರ್ಧ ಜನ "ನಿಮಗೆ ಗೊತ್ತಾಗೋದಿಲ್ಲ ಅಂಕಲ್, ಇದು ಸ್ಕಿಲ್ ಗೇಮ್" ಅಂತ ಮೊಬೈಲಿಗೆ ಮುಖ ತಿರುಗಿಸುತ್ತಾರೆ. ನಾನು ಎರಡೂ ಪಾರ್ಟಿಯವನಲ್ಲ.

ಕುಮಟೆ ಬಿಟ್ಟು ಇಲ್ಲಿಗೆ ಬಂದದ್ದು 1983ರಲ್ಲಿ. ಆಗ ವಾಗ್ಳೆ ಎಸ್ಟೇಟ್ ಅಂದರೆ ಬರೀ ಕಾರ್ಖಾನೆ. 1962ರಲ್ಲಿ ಎಂ.ಐ.ಡಿ.ಸಿ. ಹುಟ್ಟಿದಾಗ ಅದರ ಮೊದಲ ಕೈಗಾರಿಕಾ ವಸಾಹತು ಇದೇ. ನಾನು ಇಲ್ಲೇ ಒಂದು ಇಂಜಿನಿಯರಿಂಗ್ ಕಂಪೆನಿಯಲ್ಲಿ, ಅದು ಮುಚ್ಚುವ ತನಕ, ಕ್ವಾಲಿಟಿ ಕಂಟ್ರೋಲಿನಲ್ಲಿದ್ದೆ. ಈಗ ಆ ಶೆಡ್ಡುಗಳಿದ್ದಲ್ಲೆಲ್ಲ ಗಾಜಿನ ಐ.ಟಿ. ಕಟ್ಟಡಗಳು. ಲಂಚ್ ಟೈಮಿನಲ್ಲಿ ರಮ್ಮಿ, ಗಣಪತಿ ಜಾಗರಣೆಯಲ್ಲಿ ತೀನ್ ಪತ್ತಿ, ಎಲ್ಲ ಆಡಿದವನೇ. ಆಮೇಲೆ ಹುಡುಗರು ಪೋಕರ್ ಅಂದಾಗ ಅದನ್ನೂ ಕೂತು ಕಲಿತೆ, ಕಾಸಿಲ್ಲದ ಟೇಬಲ್ಲಿನಲ್ಲಿ. ಒಳ್ಳೆಯ ಆಟ ಮಾರಾಯ್ರೆ. ಬುದ್ಧಿಗೆ ಕೆಲಸ ಇದೆ. ತೀನ್ ಪತ್ತಿಯ ಹಾಗೆ ಬರೀ ಧೈರ್ಯದ ಮೇಲೆ ನಡೆಯುವುದಲ್ಲ.

ಹಾಗಾದರೆ ತಕರಾರು ಯಾವುದರ ಮೇಲೆ? ‘ದೊಡ್ಡ ಟೂರ್ನಮೆಂಟ್ ಗೆಲ್ಲುವ ಸ್ಟ್ರಾಟಜಿ’ ಅಂತ ಮಾರಾಟವಾಗುವ ಸರಕಿನ ಮೇಲೆ. ಅದರಲ್ಲಿರುವುದು ಸುಳ್ಳಲ್ಲ, ಬಹುತೇಕ ಸರಿಯಾಗಿಯೇ ಇದೆ. ಆದರೆ ಒಂದು ಅಂಕಿ ಬಿಟ್ಟುಹೋಗಿದೆ. ಆ ಅಂಕಿ ಹೇಳಿದರೆ ಸರಕು ಮಾರಾಟವಾಗುವುದಿಲ್ಲ, ಅದಕ್ಕೇ ಬಿಟ್ಟಿದ್ದಾರೆ ಅಂತ ನನ್ನ ಆರೋಪ.

ಮೊದಲು ಪಾಠದಲ್ಲಿ ಇರುವುದನ್ನೇ ನೋಡೋಣ. ಪೋಕರ್ ಗೊತ್ತಿಲ್ಲದವರಿಗೂ ತಿಳಿಯುವ ಹಾಗೆ ಹೇಳುತ್ತೇನೆ. ಲೆಕ್ಕಕ್ಕೆ ಸುಲಭವಾಗಲಿ ಅಂತ ಒಂದು ಮಾದರಿ ಇಟ್ಟುಕೊಳ್ಳಿ. ಸಾವಿರ ಎಂಟ್ರಿ, ತಲಾ 550 ರೂಪಾಯಿ. ಅದರಲ್ಲಿ 500 ಬಹುಮಾನದ ಗಂಟಿಗೆ, 50 ನಡೆಸುವವನಿಗೆ. (ಇಲ್ಲಿನ ಹಳೆಯ ಇಸ್ಪೀಟ್ ಅಡ್ಡೆಗಳಲ್ಲಿ ಇದನ್ನೇ ‘ನಾಲ್’ ಅನ್ನುತ್ತಿದ್ದರು. ಈಗ ‘ಪ್ಲಾಟ್‌ಫಾರ್ಮ್ ಫೀ’. ಹೆಸರು ಮಾತ್ರ ಬಿ.ಕಾಂ. ಪಾಸಾಗಿದೆ.) ಗಂಟಿನಲ್ಲಿ 5 ಲಕ್ಷ. ಮೊದಲ 150 ಜನರಿಗೆ ಏನಾದರೂ ಸಿಗುತ್ತದೆ, ಆದರೆ ಹೆಚ್ಚಿನವರಿಗೆ ಸಿಗುವುದು ಸಾವಿರದ ಆಸುಪಾಸು. ದೊಡ್ಡ ಮೊತ್ತವೆಲ್ಲ ಕೊನೆಯ ಟೇಬಲ್ಲಿನ ಒಂಬತ್ತು ಜನರಿಗೆ, ಅದರಲ್ಲೂ ಮೊದಲ ಮೂವರಿಗೆ. ಪ್ರತಿಯೊಬ್ಬನಿಗೂ ಶುರುವಿನಲ್ಲಿ 10,000 ಚಿಪ್ಸ್. ಬ್ಲೈಂಡ್, ಅಂದರೆ ಎಲೆ ನೋಡುವ ಮೊದಲೇ ಸರದಿಯ ಮೇಲೆ ಇಬ್ಬರು ಇಡಲೇಬೇಕಾದ ಪಣ, 50 ಮತ್ತು 100. ಇದು ಎಂಟು ಹತ್ತು ನಿಮಿಷಕ್ಕೊಮ್ಮೆ ಏರುತ್ತ ಹೋಗುತ್ತದೆ.

ಪಾಠ ಒಂದು: ಮೊದಲ ಗಂಟೆಯಲ್ಲಿ ಗಡಿಬಿಡಿ ಬೇಡ. ನಿನ್ನ ಹತ್ತಿರ ನೂರು ಬಿಗ್ ಬ್ಲೈಂಡ್ ಇದೆ. ಎಕ್ಕದ ಜೊತೆ ಒಂದು ಚಿಲ್ಲರೆ ಎಲೆ ಬಂತು ಅಂತ ಕುಣಿಯಬೇಡ. ಎದುರಿನವನ ಹತ್ತಿರ ಎಕ್ಕ-ರಾಜ ಇದ್ದರೆ ನಿನ್ನ ಎಕ್ಕವೇ ನಿನಗೆ ಶೂಲ. ಸರದಿಯಲ್ಲಿ ಕೊನೆಗೆ ಮಾತಾಡುವ ಜಾಗ ಸಿಕ್ಕಾಗ ಸ್ವಲ್ಪ ಹೆಚ್ಚು ಆಡು, ಮೊದಲು ಮಾತಾಡಬೇಕಾದಾಗ ಕಡಿಮೆ ಆಡು. ಚಿಕ್ಕ ಜೋಡಿ ಬಂದರೆ ಅಗ್ಗದಲ್ಲಿ ನೋಡು, ಮೂರನೆಯದು ಕೂಡಿದರೆ ಹೊಡೆ, ಇಲ್ಲವಾದರೆ ಬಿಡು. ಇದೆಲ್ಲ ಸರಿ.

ಪಾಠ ಎರಡು: ನಡುವಿನಲ್ಲಿ ಬ್ಲೈಂಡು ಏರಿ, ಮೇಲಿಂದ ‘ಆಂಟಿ’ ಅಂತ ಎಲ್ಲರಿಂದಲೂ ಸ್ವಲ್ಪ ಸ್ವಲ್ಪ ಕೀಳುವಾಗ, ಸುಮ್ಮನೆ ಕೂತವನು ಕರಗಿ ಹೋಗುತ್ತಾನೆ. ಆಗ ಯಾರೂ ಆಸಕ್ತಿ ತೋರಿಸದ ಕೈಗಳಲ್ಲಿ ಕೊನೆಯ ಜಾಗದಿಂದ ಬ್ಲೈಂಡು ಕದಿಯಬೇಕು. ಇದಕ್ಕೊಂದು ಚೆಂದದ ಅಳತೆ ಇದೆ. ಅಮೆರಿಕದ ಡ್ಯಾನ್ ಹ್ಯಾರಿಂಗ್ಟನ್ ತನ್ನ ಪುಸ್ತಕದಲ್ಲಿ ಪ್ರಚಾರಕ್ಕೆ ತಂದದ್ದು, ಪಾಲ್ ಮ್ಯಾಗ್ರಿಯಲ್ ಎಂಬ ಆಟಗಾರನ ಹೆಸರಿನ ಮೊದಲ ಅಕ್ಷರದಿಂದ ‘ಎಂ’ ಅನ್ನುತ್ತಾರೆ. ಏನೂ ಆಡದೆ ಕೂತರೆ ಒಂದು ಸುತ್ತಿಗೆ ಎಷ್ಟು ಖರ್ಚು, ನಿನ್ನ ಚಿಪ್ಸ್ ಎಷ್ಟು ಸುತ್ತಿಗೆ ಸಾಕು, ಅಷ್ಟೇ ಲೆಕ್ಕ. ಬ್ಲೈಂಡು 500-1,000, ಒಂಬತ್ತು ಜನರಿಂದ ನೂರು ನೂರು ಆಂಟಿ, ಅಂದರೆ ಸುತ್ತಿಗೆ 2,400. ನಿನ್ನ ಹತ್ತಿರ 12,000 ಇದ್ದರೆ ಎಂ ಐದು. ಐದು ಸುತ್ತಿನ ಆಯುಷ್ಯ. ಸಂಬಳ ನಿಂತರೆ ಮನೆ ಎಷ್ಟು ತಿಂಗಳು ನಡೆದೀತು ಅಂತ ಕಾರ್ಖಾನೆ ಮುಚ್ಚಿದಾಗ ನಾವೆಲ್ಲ ಹಾಕಿದ ಲೆಕ್ಕವೇ ಇದು, ಹೊಸತೇನಲ್ಲ.

ಪಾಠ ಮೂರು: ಹತ್ತು ಹನ್ನೆರಡು ಬಿಗ್ ಬ್ಲೈಂಡಿಗಿಂತ ಕೆಳಗಿಳಿದರೆ ಅರ್ಧಂಬರ್ಧ ಆಟವಿಲ್ಲ. ಒಂದೋ ಎಲ್ಲ ಒಳಗೆ, ಇಲ್ಲವೋ ಎಲೆ ಮಡಚು. ಮೊದಲು ನುಗ್ಗಿದವನಿಗೆ ಎದುರಿನವರು ಹೆದರಿ ಬಿಟ್ಟುಕೊಡುವ ಲಾಭವೂ ಉಂಟು, ಒಪ್ಪಿಕೊಂಡು ಬಂದವನಿಗೆ ಅದಿಲ್ಲ.

ಪಾಠ ನಾಲ್ಕು, ನನಗೆ ಬಹಳ ಇಷ್ಟವಾದದ್ದು, ‘ಬಬಲ್’. 150 ಜನರಿಗೆ ಹಣ, ಉಳಿದಿರುವವರು 152. ಕೈಯಲ್ಲಿ ಎಕ್ಕ-ರಾಣಿ, ಎದುರಿಗೆ ಚಿಪ್ಸಿನ ಗುಡ್ಡೆ ಇಟ್ಟುಕೊಂಡವನು ಎಲ್ಲವನ್ನೂ ಮುಂದೆ ತಳ್ಳಿದ. ಮೊದಲ ಗಂಟೆಯಲ್ಲಾದರೆ ಯೋಚಿಸಬಹುದಿತ್ತು. ಈಗ ಬಿಡಬೇಕು. ಯಾಕೆಂದರೆ ಗೆದ್ದು ಬರುವ ಚಿಪ್ಸಿಗಿಂತ ಕಳೆದುಹೋಗುವ ಚಿಪ್ಸಿನ ಬೆಲೆ ರೂಪಾಯಿಯಲ್ಲಿ ಹೆಚ್ಚು. ಚಿಪ್ಸ್ ದುಪ್ಪಟ್ಟಾದರೆ ಬಹುಮಾನದ ಆಸೆ ದುಪ್ಪಟ್ಟಾಗುವುದಿಲ್ಲ, ಚಿಪ್ಸ್ ಸೊನ್ನೆಯಾದರೆ ಆಸೆ ಪೂರ್ತಿ ಸೊನ್ನೆ. ಆದರೆ ಅದೇ ಹೊತ್ತಿಗೆ ಸಾವಿರ ರೂಪಾಯಿಯ ಚಿಲ್ಲರೆ ಬಹುಮಾನಕ್ಕಾಗಿ ಹೆದರಿ ಹೆದರಿ ತೆವಳಿದರೆ ಕೊನೆಯ ಟೇಬಲ್ಲು ಕನಸಿನ ಮಾತು. ಈ ಎರಡು ಮಾತೂ ಒಂದನ್ನೊಂದು ಎಳೆಯುತ್ತವೆ. ಆಟದ ಸೊಗಸು ಇರುವುದೇ ಅಲ್ಲಿ.

ಇಷ್ಟು ಹೇಳಿ ‘ಕೋಚ್’ ನಿಲ್ಲಿಸುತ್ತಾನೆ. ನನ್ನ ಜಗಳ ಶುರುವಾಗುವುದು ಇಲ್ಲಿಂದ.

ನಮ್ಮ ಬಿಲ್ಡಿಂಗಿನಲ್ಲಿ ಒಬ್ಬ ಹುಡುಗ. ಅಪ್ಪ ಕುಂದಾಪುರ ಕಡೆಯವರು, ಹೋಟೆಲ್ ಕೌಂಟರಿನಲ್ಲಿ ಮೂವತ್ತು ವರ್ಷ ನಿಂತವರು. ಹುಡುಗನಿಗೆ ಕೊರಿಯರ್ ಗೋದಾಮಿನಲ್ಲಿ 22 ಸಾವಿರದ ಕೆಲಸ. 2025ರ ಜನವರಿಯಿಂದ ಆಗಸ್ಟ್ ತನಕ ವಾರಕ್ಕೆರಡು ಸಲ ಇಂಥ ದೊಡ್ಡ ಟೂರ್ನಮೆಂಟ್ ಆಡಿದ್ದಾನೆ. ನೋಟ್‌ಬುಕ್ಕಿನಲ್ಲಿ ಎಲ್ಲ ಬರೆದಿಟ್ಟಿದ್ದಾನೆ, ಅಕ್ಷರ ಮುತ್ತಿನಂತೆ. ಅದನ್ನು ಹಿಡಿದುಕೊಂಡು ಬಂದು, "ಅಂಕಲ್, ನೀವು ಲೆಕ್ಕದವರು, ನೋಡಿ ಹೇಳಿ. ನಾನು ಪ್ರಾಫಿಟ್‌ನಲ್ಲಿದ್ದೇನೆ. ಕೆಲಸ ಬಿಟ್ಟು ಫುಲ್ ಟೈಮ್ ಮಾಡೋಣ ಅಂತ. ಅಪ್ಪಂಗೆ ನೀವು ಸ್ವಲ್ಪ ಹೇಳ್ಬೇಕು" ಅಂದ.

ನೋಡಿದೆ. 61 ಟೂರ್ನಮೆಂಟ್, 550ರಂತೆ 33,550 ರೂಪಾಯಿ ಹೋಗಿದೆ. ನಾಲ್ಕು ಸಲ ಹಣ ಬಂದಿದೆ. ಮೂರು ಸಲ ಸಾವಿರ ಸಾವಿರ, ಒಂದು ಸಲ ಮೂರನೇ ಸ್ಥಾನ, 42,000. ಒಟ್ಟು 45,000. ಲಾಭ 11,450. ಹುಡುಗ ಹೇಳಿದ್ದು ನಿಜ.

ಈಗ ಕ್ವಾಲಿಟಿ ಕಂಟ್ರೋಲಿನವನ ಕಣ್ಣಿನಿಂದ ನೋಡಿ. ಆ ಒಂದು ರಾತ್ರಿಯನ್ನು ತೆಗೆದರೆ ಅರವತ್ತು ರಾತ್ರಿಯಲ್ಲಿ ಬಂದದ್ದು ಮೂರು ಸಾವಿರ. ಇನ್ನೊಂದು ವಿಷಯ ಅವನ ಕಣ್ಣಿಗೇ ಬಿದ್ದಿರಲಿಲ್ಲ. ನೂರಕ್ಕೆ ಹದಿನೈದು ಜನರಿಗೆ ಹಣ ಕೊಡುವ ಆಟದಲ್ಲಿ, ಏನೂ ವಿಶೇಷವಿಲ್ಲದ ಸಾಧಾರಣ ಆಟಗಾರನಿಗೂ 61ರಲ್ಲಿ ಒಂಬತ್ತು ಸಲ ಹಣ ಸಿಗಬೇಕು. ಇವನಿಗೆ ನಾಲ್ಕೇ ಸಲ. ಧೈರ್ಯದಿಂದ ಆಡುವ ನುರಿತವರಿಗೂ ಚಿಲ್ಲರೆ ಬಹುಮಾನ ಕಡಿಮೆ ಬರುವುದುಂಟು ಅಂತ ವಾದ ಮಾಡಬಹುದು, ಮಾಡಲಿ. ಆದರೆ ಈ ಪುಸ್ತಕದಲ್ಲಿ ‘ನಾನು ನುರಿತವನು’ ಅನ್ನುವುದಕ್ಕೆ ಸಾಕ್ಷಿ ಒಂದೇ ರಾತ್ರಿ. ಒಂದೇ ಪೀಸ್ ನೋಡಿ ಲಾಟ್ ಪಾಸ್ ಮಾಡಿದರೆ ನಮ್ಮ ಕಾಲದಲ್ಲಿ ಕೆಲಸ ಹೋಗುತ್ತಿತ್ತು.

ಮೇಲಿಂದ ತೆರಿಗೆ. 2023ರ ಏಪ್ರಿಲ್‌ನಿಂದ ಆನ್‌ಲೈನ್ ಆಟದ ನಿವ್ವಳ ಗೆಲುವಿನ ಮೇಲೆ ನೂರಕ್ಕೆ 30 ಮುರಿದುಕೊಳ್ಳುವ ನಿಯಮ ಬಂದಿತ್ತು. 11,450ರಲ್ಲಿ 3,435 ಅಲ್ಲಿಗೆ ಹೋಯಿತು. ಉಳಿದದ್ದು 8,015. ಒಂದೊಂದು ಸಲಕ್ಕೆ ಸರಾಸರಿ ಎರಡೂವರೆ ಗಂಟೆ ಅಂತ ಹಿಡಿದರೂ ನೂರೈವತ್ತು ಗಂಟೆಯ ಮೇಲಾಯಿತು, ಗಂಟೆಗೆ ಐವತ್ಮೂರು ರೂಪಾಯಿ ಬಿತ್ತು. ಅದೂ ನಡುರಾತ್ರಿ, ಕಣ್ಣು ಕೆಂಪಗೆ ಮಾಡಿಕೊಂಡು. 2023ರ ಅಕ್ಟೋಬರಿನಿಂದ ಜಮಾ ಮಾಡಿದ ಹಣದ ಮೇಲೆ 28 ಪರ್ಸೆಂಟ್ ಜಿ.ಎಸ್.ಟಿ. ಬೇರೆ ಇತ್ತು. ಅದನ್ನು ಎಷ್ಟೋ ಕಂಪೆನಿಗಳು ಬೋನಸ್ ಕೊಟ್ಟು ಸರಿದೂಗಿಸುತ್ತಿದ್ದವು, ಹಾಗಾಗಿ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಆ ಮೂವತ್ತು ಪರ್ಸೆಂಟಿನ ಒಳಗುಟ್ಟು ನೋಡಿ. ಸೋತ ವರ್ಷದ ಸೋಲನ್ನು ಗೆದ್ದ ವರ್ಷಕ್ಕೆ ಹೊಂದಿಸಲು ಬರುವುದಿಲ್ಲ. ದೊಡ್ಡ ಟೂರ್ನಮೆಂಟಿನ ಸ್ವಭಾವವೇ ನಾಲ್ಕು ವರ್ಷ ಸೋತು ಒಂದು ವರ್ಷ ಭರ್ಜರಿಯಾಗಿ ಗೆಲ್ಲುವುದು. ಗೆದ್ದ ವರ್ಷ ಸರ್ಕಾರ ಪಾಲಿಗೆ ಬರುತ್ತದೆ, ಸೋತ ವರ್ಷ ಪರಿಚಯವೇ ಇರುವುದಿಲ್ಲ. ಯಾವ ಸ್ಟ್ರಾಟಜಿ ಪಾಠದಲ್ಲಿ ಇದಕ್ಕೆ ಒಂದು ಪುಟ ಇದೆ? ತೋರಿಸಿ.

ಈಗ ಆ ಬಿಟ್ಟುಹೋದ ಅಂಕಿಗೆ ಬರೋಣ.

ಒಬ್ಬ ನಿಜವಾಗಿಯೂ ಒಳ್ಳೆಯ ಆಟಗಾರ ಇದ್ದಾನೆ ಅಂದುಕೊಳ್ಳಿ. ಎಷ್ಟು ಒಳ್ಳೆಯವನೆಂದರೆ ಸರಾಸರಿ ಆಟಗಾರನಿಗಿಂತ ದುಪ್ಪಟ್ಟು ಸಲ ಮೊದಲ ಸ್ಥಾನ ಪಡೆಯುವವನು. ಸಾವಿರ ಎಂಟ್ರಿಯ ಆಟದಲ್ಲಿ ಸರಾಸರಿ ಸಾವಿರಕ್ಕೊಂದು, ಇವನಿಗೆ ಐನೂರಕ್ಕೊಂದು. ಪ್ರತಿ ಭಾನುವಾರ ಒಂದು ಆಡಿದರೆ ಐನೂರು ಆಗಲು ಒಂಬತ್ತೂವರೆ ವರ್ಷ ಬೇಕು. ಅಷ್ಟು ವರ್ಷ ಆಡಿದರೆ ಗೆಲುವು ಗ್ಯಾರಂಟಿಯೇ? ಅಲ್ಲ. ಐನೂರಕ್ಕೊಂದು ದೋಷವಿರುವ ಲಾಟಿನಿಂದ ಐನೂರು ಪೀಸ್ ತೆಗೆದು ನೋಡಿದರೆ, ಒಂದೂ ದೋಷ ಕಾಣದೇ ಇರುವ ಸಂಭವ ನೂರಕ್ಕೆ 37. ಸ್ಯಾಂಪ್ಲಿಂಗ್ ಮಾಡಿದವರಿಗೆಲ್ಲ ಕಂಠಪಾಠವಾದ ಲೆಕ್ಕ. ಐ.ಎಸ್. 2500ರ ಕೋಷ್ಟಕಗಳನ್ನು ಗೋಡೆಗೆ ಅಂಟಿಸಿಕೊಂಡು ಬದುಕಿದವರು ನಾವು. ಅಂದರೆ ಇಂಥ ದುಪ್ಪಟ್ಟು ಜಾಣರು ನೂರು ಜನ ಇದ್ದರೆ, ಅವರಲ್ಲಿ ಮೂವತ್ತೇಳು ಜನ ಒಂಬತ್ತೂವರೆ ವರ್ಷ ಭಾನುವಾರದ ನಿದ್ದೆಗೆಟ್ಟರೂ ಒಂದು ಸಲವೂ ಮೊದಲಿಗರಾಗುವುದಿಲ್ಲ!

ಕೊನೆಯ ಟೇಬಲ್ಲು ತಲುಪಿದರೆ ಸಾಕು ಅನ್ನುತ್ತೀರಾ? ಸರಾಸರಿಯವನಿಗೆ ಸಾವಿರಕ್ಕೆ ಒಂಬತ್ತು, ಇವನಿಗೆ ಹದಿನೆಂಟು. ವರ್ಷದ 52 ಭಾನುವಾರದಲ್ಲಿ ಒಂದು ಸಲವೂ ಅಲ್ಲಿಗೆ ತಲುಪದಿರುವ ಸಂಭವ ನೂರಕ್ಕೆ 39. ಒಳ್ಳೆಯವನಿಗೆ ಹೀಗೆ. ತಾನು ಒಳ್ಳೆಯವನೋ ಅಲ್ಲವೋ ಅಂತ ಇನ್ನೂ ಗೊತ್ತಿಲ್ಲದವನ ಗತಿ ಏನು? ವರ್ಷವಿಡೀ ಸೋತವನಿಗೆ "ನಿನಗೆ ಬರುವುದಿಲ್ಲ" ಅನ್ನಲೂ ಆಗುವುದಿಲ್ಲ, ಒಂದು ಸಲ ಗೆದ್ದವನಿಗೆ "ನಿನಗೆ ಬರುತ್ತದೆ" ಅನ್ನಲೂ ಆಗುವುದಿಲ್ಲ. ಕೋಚ್‌ಗೆ ಇದಕ್ಕಿಂತ ಒಳ್ಳೆಯ ಧಂಧೆ ಯಾವುದು ಹೇಳಿ? ಸೋತರೆ ‘ವೇರಿಯನ್ಸ್’, ಗೆದ್ದರೆ ‘ನನ್ನ ಶಿಷ್ಯ’.

ಇನ್ನೂ ಒಂದು ವಿಷಯ ಇದೆ, ಇದನ್ನು ಯಾರೂ ಬಿಡಿಸಿ ಹೇಳುವುದು ನಾನು ಕೇಳಿಲ್ಲ. ಸಾವಿರ ಜನರ ಚಿಪ್ಸ್ ಒಟ್ಟು ಒಂದು ಕೋಟಿ. ಅದೆಲ್ಲ ಕೊನೆಗೆ ಒಬ್ಬನ ಹತ್ತಿರ ಸೇರಬೇಕಾದರೆ ಹತ್ತು ಸಲ ದುಪ್ಪಟ್ಟಾಗಬೇಕು. ಬ್ಲೈಂಡು ಕದ್ದು ಸ್ವಲ್ಪ ಸೇರಿಸಿದರೂ, ನಾಲ್ಕೈದು ಸಲವಾದರೂ ಪ್ರಾಣ ಒತ್ತೆ ಇಟ್ಟು ‘ಆಲ್ ಇನ್’ ನಿಲ್ಲಲೇಬೇಕಾಗುತ್ತದೆ. ಪ್ರತಿ ಸಲವೂ ನಿನ್ನ ಕೈಯೇ ಮೇಲು, ನೂರಕ್ಕೆ ಎಂಬತ್ತು ಗೆಲ್ಲುವಂಥದ್ದು ಅಂದುಕೊಳ್ಳೋಣ. ಎಕ್ಕದ ಜೋಡಿಗೆ ಎದುರು ರಾಜನ ಜೋಡಿ ಬಂದಾಗ ಇರುವಷ್ಟು, ದೇವರೇ ಎಲೆ ಹಂಚಿದಂಥ ಅದೃಷ್ಟ. ಐದು ಸಲ ಹೀಗೆ ದಾಟುವ ಸಂಭವ ಎಷ್ಟು? ನೂರಕ್ಕೆ 33. ಮೂರರಲ್ಲಿ ಎರಡು ಸಲ ಎಲ್ಲವನ್ನೂ ಸರಿಯಾಗಿ ಮಾಡಿಯೇ ಮನೆಗೆ ಹೋಗಬೇಕು. ನಿಜಜೀವನದಲ್ಲಿ ಬರುವುದು ಎಂಟರ ಜೋಡಿಗೆ ಎದುರು ಎಕ್ಕ-ರಾಜ, ಐವತ್ತೈದು-ನಲವತ್ತೈದರ ನಾಣ್ಯ ಚಿಮ್ಮುವಿಕೆ.

ಇದರ ಜೊತೆ ಬ್ಲೈಂಡಿನ ಏರಿಕೆ ಸೇರಿಸಿ. ಕೊನೆಯ ಟೇಬಲ್ಲಿಗೆ ಒಂಬತ್ತು ಜನ ಬಂದಾಗ ಸರಾಸರಿ 11 ಲಕ್ಷ ಚಿಪ್ಸ್. ಬ್ಲೈಂಡು ಆಗ 30,000-60,000 ಆಗಿದ್ದರೆ ಒಬ್ಬೊಬ್ಬನಿಗೆ ಹದಿನೆಂಟು ಬಿಗ್ ಬ್ಲೈಂಡ್. ಅಂದರೆ ಪಾಠ ಮೂರರ ಹತ್ತಿರ ಹತ್ತಿರ: ತಳ್ಳು, ಇಲ್ಲವೇ ಮಡಚು. ಬುದ್ಧಿ ಓಡಿಸಲು ಧಾರಾಳ ಜಾಗವಿದ್ದದ್ದು ನೂರು ಬಿಗ್ ಬ್ಲೈಂಡಿದ್ದ ಮೊದಲ ಗಂಟೆಯಲ್ಲಿ, ಆಗ ಒಂದು ರೂಪಾಯಿಯೂ ಕೈಗೆ ಬರುವುದಿಲ್ಲ. ರೂಪಾಯಿ ಇರುವುದು ಕೊನೆಯ ಗಂಟೆಯಲ್ಲಿ, ಆಗ ಬುದ್ಧಿಗೆ ಜಾಗವೇ ಕಡಿಮೆ. ಮೊಬೈಲಿನ ಆಟವನ್ನು ಬೆಳಗಾಗುವುದರೊಳಗೆ ಮುಗಿಸಬೇಕು, ಅದಕ್ಕೆ ಬ್ಲೈಂಡು ಎಂಟು ನಿಮಿಷಕ್ಕೆ ಏರುತ್ತದೆ. ವೇಗ ಹೆಚ್ಚಾದಷ್ಟೂ ನಡೆಸುವವನಿಗೆ ಇನ್ನೊಂದು ಟೂರ್ನಮೆಂಟ್, ಇನ್ನೊಂದು ನಾಲ್.

ಮತ್ತೆ ಆ ‘ಸಾವಿರ ಎಂಟ್ರಿ’ ಅಂದರೆ ಸಾವಿರ ಜನ ಅಂತ ತಿಳಿಯಬೇಡಿ. ಔಟಾದವನು ಮತ್ತೆ ದುಡ್ಡು ಕಟ್ಟಿ ಒಳಗೆ ಬರಬಹುದು, ಒಂದು ಅವಧಿಯ ತನಕ. ಜೇಬು ದಪ್ಪ ಇದ್ದವನು ಮೊದಲ ಗಂಟೆಯಲ್ಲಿ ಹುಚ್ಚು ಧೈರ್ಯ ಮಾಡಿ ಎರಡು ಸಲ ಸೋತು ಮೂರನೇ ಸಲ ಗುಡ್ಡೆ ಕಟ್ಟಿಕೊಳ್ಳುತ್ತಾನೆ. ನಮ್ಮ ಕೊರಿಯರ್ ಗೋದಾಮಿನ ಹುಡುಗನ ಹತ್ತಿರ ಇರುವುದು ಒಂದೇ 550. ಇವನು ಹೆದರಿ ಆಡಬೇಕು, ಅವನು ಹೆದರಬೇಕಾಗಿಲ್ಲ. ಇಬ್ಬರಿಗೂ ಒಂದೇ ಪಾಠ ಹೇಳಿಕೊಡುವುದು ಯಾವ ನ್ಯಾಯ?

ಇಲ್ಲಿ ಒಬ್ಬರು ಎದ್ದು ನಿಲ್ಲುತ್ತಾರೆ, ನನಗೆ ಗೊತ್ತು. "ಹಾಗಾದರೆ ಹ್ಯಾರಿಂಗ್ಟನ್?" ಒಳ್ಳೆಯ ಪ್ರಶ್ನೆ. ಡ್ಯಾನ್ ಹ್ಯಾರಿಂಗ್ಟನ್ 1995ರಲ್ಲಿ ಲಾಸ್ ವೇಗಸ್ಸಿನ ವಿಶ್ವ ಸರಣಿಯ ಮುಖ್ಯ ಆಟ ಗೆದ್ದವನು. 2003ರಲ್ಲಿ 839 ಜನರ ನಡುವೆ ಮೂರನೆಯವನಾದ, ಮರುವರ್ಷ 2,576 ಜನರ ನಡುವೆ ನಾಲ್ಕನೆಯವನಾದ. ಇದು ಬರೀ ಅದೃಷ್ಟ ಅನ್ನುವವನು ಮೂರ್ಖ. ಆದರೆ ಅದು ದಿನಗಟ್ಟಲೆ ನಡೆಯುವ ಆಟ, ಬ್ಲೈಂಡು ನಿಧಾನವಾಗಿ ಏರುತ್ತದೆ, ಬುದ್ಧಿಗೆ ಬೇಕಾದಷ್ಟು ಹೊತ್ತು ಸಿಗುತ್ತದೆ. ಮತ್ತೆ ಆತ ಆ ಆಟವನ್ನು ಬಾಡಿಗೆಯ ದುಡ್ಡಿನಲ್ಲಿ ಆಡುತ್ತಿರಲಿಲ್ಲ. ಅವನ ಪುಸ್ತಕದ ಪಾಠವನ್ನು ಎಂಟು ನಿಮಿಷದ ಬ್ಲೈಂಡಿಗೆ ತಂದು ಅಂಟಿಸಿ, ಅವನ ಹೆಸರಿನಲ್ಲಿ ಫೀಸು ಕೀಳುವವರ ಬಗ್ಗೆ ನಾನು ಮಾತಾಡುತ್ತಿರುವುದು.

ಅದೇ 2003ರ ಆಟವನ್ನು ಗೆದ್ದವನು ಕ್ರಿಸ್ ಮನಿಮೇಕರ್. ಟೆನೆಸ್ಸಿಯ ಅಕೌಂಟೆಂಟ್. (ಹೆಸರು ನಿಜವಾದದ್ದೇ, ನಾನು ಇಟ್ಟದ್ದಲ್ಲ.) ಆನ್‌ಲೈನಿನಲ್ಲಿ 86 ಡಾಲರಿನ ಅರ್ಹತಾ ಆಟ ಗೆದ್ದು ಹೋಗಿ 25 ಲಕ್ಷ ಡಾಲರ್ ತಂದ. ಅವನ ಕಥೆ ಟಿ.ವಿ.ಯಲ್ಲಿ ಬಂದದ್ದೇ ತಡ, 839 ಇದ್ದ ಸಂಖ್ಯೆ 2006ರಲ್ಲಿ 8,773 ಆಯಿತು. ಒಬ್ಬ ಗುಮಾಸ್ತನ ಒಂದು ವಾರದ ಅದೃಷ್ಟದಿಂದ ಇಡೀ ಉದ್ಯಮ ಹುಟ್ಟಿತು. ಆ 8,773ರಲ್ಲಿ ಮೊದಲ ಸ್ಥಾನ ಒಬ್ಬನಿಗೇ ತಾನೆ? ಉಳಿದವರ ಹೆಸರನ್ನು ಯಾರೂ ಪೋಸ್ಟರಿನಲ್ಲಿ ಹಾಕಲಿಲ್ಲ. ನಮ್ಮಲ್ಲೂ ಹೀಗೇ. ಬ್ಯಾನರಿನಲ್ಲಿ ಲಕ್ಷ ಗೆದ್ದವನ ಫೋಟೋ ಮಾತ್ರ ಇರುತ್ತದೆ. ತಿರುಪತಿಗೆ ಹೋಗಿ ಬಂದು ಲಾಟರಿ ಹೊಡೆದವನ ಕಥೆ ಊರೆಲ್ಲ ಗೊತ್ತು, ಹೋಗಿ ಬಂದು ಹೊಡೆಯದವರ ಕಥೆ ಯಾರು ಹೇಳುತ್ತಾರೆ?

‘ಸ್ಕಿಲ್ ಗೇಮ್’ ಅನ್ನುವ ಮಾತಿಗೂ ಬರೋಣ. ಇದು ಕೋರ್ಟಿನಿಂದ ಇಳಿದು ಬಂದ ಮಾತು. 1957ರ ಚಮಾರ್‌ಬಾಗ್‌ವಾಲಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಕೌಶಲದ ಸ್ಪರ್ಧೆ ಬೇರೆ, ಜೂಜು ಬೇರೆ ಅಂದಿತು. 1967ರಲ್ಲಿ ರಮ್ಮಿ ಹೆಚ್ಚಾಗಿ ಕೌಶಲದ ಆಟ ಅಂದಿತು. ಪೋಕರ್ ವಿಷಯದಲ್ಲಿ ಹೈಕೋರ್ಟುಗಳೇ ಎರಡು ಮನಸ್ಸಿನವು. 2013ರಲ್ಲಿ ಕರ್ನಾಟಕದ ಆದೇಶ ಆಟಗಾರರಿಗೆ ಅನುಕೂಲವಾಗಿತ್ತು, 2017ರಲ್ಲಿ ಗುಜರಾತು ಅದನ್ನು ಜೂಜೇ ಅಂದಿತು. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣದ ಆನ್‌ಲೈನ್ ಆಟ ನಿಲ್ಲಿಸಲು ನೋಡಿತು, 2022ರ ಫೆಬ್ರವರಿ 14ಕ್ಕೆ ಹೈಕೋರ್ಟು ಅದರ ಮುಖ್ಯ ಭಾಗವನ್ನು ಹೊಡೆದುಹಾಕಿತು. ಸರಿ, ವಕೀಲರು ಗೆದ್ದರು. ಆದರೆ ಕೋರ್ಟಿನ ಮುಂದಿದ್ದ ಪ್ರಶ್ನೆ ‘ಈ ಆಟದಲ್ಲಿ ಒಟ್ಟಾರೆ ಕೌಶಲ ಮೇಲೋ ಅದೃಷ್ಟ ಮೇಲೋ’ ಎಂಬುದು. ನಮ್ಮ ಹುಡುಗನ ಮುಂದಿರುವ ಪ್ರಶ್ನೆ ‘ಈ ಭಾನುವಾರ ನನ್ನ ಕೌಶಲಕ್ಕೆ ಕಾಸು ಬರುತ್ತದೋ’ ಎಂಬುದು. ಮೊದಲನೆಯದಕ್ಕೆ ಹೌದು ಎಂಬ ಉತ್ತರ ಪಡೆದು, ಎರಡನೆಯದಕ್ಕೆ ಅದನ್ನೇ ಸರ್ಟಿಫಿಕೇಟಿನಂತೆ ತೋರಿಸಿದರು. ಮೋಸ ಇರುವುದು ಇಲ್ಲಿ. ಸಾವಿರಾರು ಆಟದ ನಂತರ ಕಾಣುವ ಕೌಶಲವನ್ನು ಒಂದು ರಾತ್ರಿಯ ಟಿಕೆಟ್ಟಿನ ಹಿಂದೆ ಅಚ್ಚು ಹಾಕಿದರು.

2025ರ ಆಗಸ್ಟಿನಲ್ಲಿ ಸಂಸತ್ತು ಇಡೀ ಚರ್ಚೆಯನ್ನೇ ಬದಿಗೆ ಸರಿಸಿತು. ಕೌಶಲವೋ ಅದೃಷ್ಟವೋ, ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆನ್‌ಲೈನ್ ಆಟ ನಡೆಸುವಂತಿಲ್ಲ ಎಂಬ ಕಾನೂನಿಗೆ 22ನೇ ತಾರೀಕು ರಾಷ್ಟ್ರಪತಿಗಳ ಅಂಕಿತ ಬಿತ್ತು. ನಡೆಸುವವನಿಗೆ ಮೂರು ವರ್ಷದ ತನಕ ಜೈಲು, ಒಂದು ಕೋಟಿಯ ತನಕ ದಂಡ. ಆಡುವವನಿಗೆ ಶಿಕ್ಷೆ ಇಲ್ಲ. ದೊಡ್ಡ ಕಂಪೆನಿಗಳು ಅದೇ ವಾರ ಹಣದ ಟೇಬಲ್ಲು ಮುಚ್ಚಿದವು. ಒಂದು ರಮ್ಮಿ ಕಂಪೆನಿ ಕರ್ನಾಟಕ ಹೈಕೋರ್ಟಿಗೆ ಹೋಯಿತು, ಸೆಪ್ಟೆಂಬರಿನಲ್ಲಿ ಇಂಥ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ತನ್ನ ಬಳಿಗೆ ತರಿಸಿಕೊಂಡಿತು. "ಇನ್ನೇನು, ಪೀಡೆ ಹೋಯ್ತಲ್ಲ" ಅಂದರು ನನ್ನ ಸ್ನೇಹಿತರೊಬ್ಬರು, ಮುಲುಂಡ್ ಚೆಕ್ ನಾಕಾದಲ್ಲಿ ಬಸ್ಸಿಗೆ ಕಾಯುತ್ತ.

ಹೋಗಿಲ್ಲ ಸ್ವಾಮಿ. ಹೋದದ್ದು ಟಿ.ಡಿ.ಎಸ್. ಕತ್ತರಿಸಿ, ಪ್ಯಾನ್ ಕಾರ್ಡ್ ಕೇಳಿ, ಗೆದ್ದದ್ದನ್ನು ಬ್ಯಾಂಕಿಗೆ ಹಾಕುತ್ತಿದ್ದ ಕಂಪೆನಿ. ಬಂದದ್ದು ಏಜೆಂಟ್. ಹೊರದೇಶದ ಆ್ಯಪು, ಅದರೊಳಗೆ ಖಾಸಗಿ ‘ಕ್ಲಬ್ಬು’, ಚಿಪ್ಸಿಗೆ ಏಜೆಂಟನಿಗೆ ಯು.ಪಿ.ಐ. ಮಾಡಬೇಕು, ಗೆದ್ದರೆ ಅವನೇ ಕೊಡಬೇಕು. ಕೊಡದಿದ್ದರೆ? 1872ರ ಕರಾರು ಕಾಯ್ದೆಯ 30ನೇ ಕಲಮು ಓದಿ. ಪಂಥದ ಕರಾರಿಗೆ ಬೆಲೆಯಿಲ್ಲ, ಗೆದ್ದ ಪಣಕ್ಕಾಗಿ ದಾವೆ ಹೂಡಲು ಬರುವುದಿಲ್ಲ. ಒಂದೇ ಟೇಬಲ್ಲಿನಲ್ಲಿ ಮೂವರು ಸೇರಿಕೊಂಡು ಫೋನಿನಲ್ಲಿ ಎಲೆ ಹೇಳಿಕೊಳ್ಳುತ್ತಿದ್ದರೆ ಯಾರಿಗೆ ದೂರು ಕೊಡುತ್ತೀರಿ? ಎಲೆ ಕಲಸುವ ಯಂತ್ರ ಸರಿಯಿದೆಯೆಂದು ಯಾರು ಪರೀಕ್ಷೆ ಮಾಡಿದ್ದಾರೆ? ‘ಎಂ’ ಲೆಕ್ಕ, ಬಬಲ್ ಲೆಕ್ಕ ಎಲ್ಲ ಸರಿಯಾದ ತಕ್ಕಡಿ ಇದ್ದಾಗ ಮಾತ್ರ. ತಕ್ಕಡಿಯೇ ಏಜೆಂಟನ ಜೇಬಿನಲ್ಲಿದ್ದರೆ ತೂಕದ ಪಾಠ ಯಾತಕ್ಕೆ?

ಆದರೂ ಪಾಠ ನಿಂತಿಲ್ಲ. ಮೊದಲು ಕಂಪೆನಿಯ ಜಾಹೀರಾತಿನ ನೆರಳಿನಲ್ಲಿ ಕಲಿಸುತ್ತಿದ್ದವರೇ ಈಗ ಏಜೆಂಟನ ಜೊತೆ ಕಮಿಷನ್ನಿಗೆ ಕಲಿಸುತ್ತಿದ್ದಾರೆ. ಶಿಷ್ಯ ಕಟ್ಟಿದ ಪ್ರತಿ ಎಂಟ್ರಿಯ ನಾಲ್‌ನಲ್ಲಿ ಗುರುವಿಗೆ ಪಾಲು. ಶಿಷ್ಯ ಗೆದ್ದರೇನು, ಸೋತರೇನು? ಹೆಚ್ಚು ಆಡಿದರಾಯಿತು. ಇಂಥವನು "ಕೆಲಸ ಬಿಡು, ವಾಲ್ಯೂಮ್ ಹಾಕು" ಅಂತ ಸಲಹೆ ಕೊಟ್ಟರೆ ಅದು ಸ್ಟ್ರಾಟಜಿಯೋ, ವಸೂಲಿಯೋ?

ಹುಡುಗನಿಗೆ ನಾನು ಹೇಳಿದ್ದು ಇಷ್ಟೇ. "ತಮ್ಮಾ, ನಿನ್ನ ಅಪ್ಪನ ಹತ್ತಿರ ನಾನು ಮಾತಾಡುವುದಿಲ್ಲ. ಆಟ ಬಿಡು ಅಂತಲೂ ಹೇಳುವುದಿಲ್ಲ. ಕಾಸಿಲ್ಲದ ಟೇಬಲ್ಲಿನಲ್ಲಿ ಐನೂರು ಆಡಿ, ಇದೇ ನೋಟ್‌ಬುಕ್ಕಿನಲ್ಲಿ ಬರೆದು ತಾ. ಆಮೇಲೆ ಕೆಲಸದ ಮಾತು." ಅವನಿಗೆ ಸಮಾಧಾನ ಆಗಲಿಲ್ಲ. "ಫ್ರೀ ಟೇಬಲ್‌ನಲ್ಲಿ ಯಾರೂ ಸೀರಿಯಸ್ ಆಗಿ ಆಡೋದಿಲ್ಲ ಅಂಕಲ್, ಅದರಿಂದ ಏನೂ ಗೊತ್ತಾಗೋದಿಲ್ಲ" ಅಂದ. ಅದೂ ನಿಜವೇ. "ಹಾಗಾದರೆ ಕಾಸಿನ ಟೇಬಲ್ಲಿನಲ್ಲಿ 61 ಆಡಿ ಏನು ಗೊತ್ತಾಯಿತು?" ಅಂತ ಕೇಳಿದೆ. ಸುಮ್ಮನೆ ಪುಟ ತಿರುವಿದ. ಸದ್ಯ ಗೋದಾಮಿಗೆ ಹೋಗುತ್ತಿದ್ದಾನೆ. ರಾತ್ರಿ ಏನು ಮಾಡುತ್ತಾನೋ ನಾನು ವಿಚಾರಿಸಿಲ್ಲ.

ಇನ್ನು ಕಲಿಸುವವರಿಗೆ. ನಿಮ್ಮ ಫೀಸಿನ ಮೊದಲ ಪುಟದಲ್ಲಿ ನಿಮ್ಮದೇ ಲೆಕ್ಕ ಹಾಕಿ. ಗೆದ್ದ ರಾತ್ರಿಯ ಸ್ಕ್ರೀನ್‌ಶಾಟ್ ಬೇಡ, ಅದು ಎಲ್ಲರ ಹತ್ತಿರ ಒಂದಿರುತ್ತದೆ. ಒಟ್ಟು ಎಷ್ಟು ಎಂಟ್ರಿ, ಮರುಪ್ರವೇಶ ಸೇರಿಸಿ. ಎಷ್ಟು ನಾಲ್ ಹೋಯಿತು. ಎಷ್ಟು ಸಲ ಹಣ ಬಂತು, ಅತಿ ದೊಡ್ಡ ಮೂರು ಬಹುಮಾನ ತೆಗೆದರೆ ಉಳಿಯುವುದೆಷ್ಟು. ತೆರಿಗೆ ಎಷ್ಟು. ಆಟದಿಂದ ಬಂದದ್ದೆಷ್ಟು, ಪಾಠದಿಂದ ಮತ್ತು ಕಮಿಷನ್ನಿನಿಂದ ಬಂದದ್ದೆಷ್ಟು. ಒಂದು ಎ-ಫೋರ್ ಕಾಗದ ಸಾಕು. ಹಳೆಯ ಫ್ಯಾಕ್ಟರಿಯ ಕ್ಯಾಲ್ಕುಲೇಟರ್ ಇನ್ನೂ ನಡೆಯುತ್ತದೆ, ಬ್ಯಾಟರಿ ಹಾಕಿಸಿದ್ದೇನೆ. ರೋಡ್ ನಂಬರ್ 16ರ ಚಹಾದಂಗಡಿಯಲ್ಲಿ ಸಂಜೆ ಐದರ ಮೇಲೆ ಸಿಗುತ್ತೇನೆ, ಕಟಿಂಗ್ ನನ್ನ ಲೆಕ್ಕದಲ್ಲಿ.